ಯಂತ್ರ ನಿಂತರೂ ಕಂತು ನಿಲ್ಲದು

ಮುಂಬಯಿಯಲ್ಲಿ ಕನ್ನಡಿಗನೆಂದರೆ ಹೊಟೇಲಿನವನು ಎಂಬ ಮಾತು ಈಗ ಪೂರ್ತಿ ನಿಜವಲ್ಲ. ಗಲ್ಲಾಪೆಟ್ಟಿಗೆಯಿಂದ ಎದ್ದು ಬೇರೆ ವ್ಯವಹಾರಕ್ಕೆ ಕೈಹಾಕಿದ ನಮ್ಮ ಯುವಕರಲ್ಲಿ ಕೆಲವರು ಸಾಲ ಮಾಡಿ ಮಿನಿ ಪೋಕ್ಲೇನ್ ಕೊಂಡು ಬಾಡಿಗೆಗೆ ಓಡಿಸುತ್ತಿದ್ದಾರೆ. ದೊಡ್ಡ ಯಂತ್ರ ನುಗ್ಗಲಾರದ ಗಲ್ಲಿಗಳಲ್ಲಿ ಗಟಾರ ತೋಡಲು, ಪೈಪು ಹಾಕಲು, ಮಳೆಗಾಲಕ್ಕೆ ಮುನ್ನ ಸಣ್ಣ ನಾಲಾಗಳ ಹೂಳೆತ್ತಲು ಇದೇ ಬೇಕು. ಸಂತೋಷದ ವಿಷಯವೇ. ಆದರೆ ಯಂತ್ರ ಬಂದ ದಿನ ಅದಕ್ಕೆ ಹೂಮಾಲೆ ಹಾಕಿ ತೆಂಗಿನಕಾಯಿ ಒಡೆಯುವವರು ಆಮೇಲೆ ಅದರ ಕಾಲಿನತ್ತ ನೋಡುವುದೇ ಇಲ್ಲ.

ಕಾಲೆಂದರೆ ಚೈನನ್ನು ತಿರುಗಿಸುವ ಮೋಟಾರು. ಎರಡು ಬದಿಗೆ ಒಂದೊಂದು. ಪಂಪಿನಿಂದ ಒತ್ತಡದಲ್ಲಿ ಬರುವ ಹೈಡ್ರಾಲಿಕ್ ಎಣ್ಣೆ ಮೋಟಾರನ್ನು ತಿರುಗಿಸುತ್ತದೆ. ಅದಕ್ಕೆ ಅಂಟಿಕೊಂಡ ಗೇರ್‌ಬಾಕ್ಸ್ ವೇಗವನ್ನು ಇಳಿಸಿ ಬಲವನ್ನು ಹೆಚ್ಚಿಸುತ್ತದೆ. ಈ ಗೇರ್‌ಬಾಕ್ಸ್‌ಗೆ ಬೇರೆಯೇ ಗೇರ್ ಎಣ್ಣೆ ಇರುತ್ತದೆ. ಸಣ್ಣ ಯಂತ್ರಗಳಲ್ಲಿ ಬಹುತೇಕ ಬದಿಗೊಂದು ಲೀಟರಿಗೂ ಕಡಿಮೆ. ಹೈಡ್ರಾಲಿಕ್ ಟ್ಯಾಂಕು ತುಂಬಿದೆಯಲ್ಲ, ಇನ್ನೇನು ಬೇಕು ಎಂದುಕೊಂಡು ಈ ಎಣ್ಣೆ ಇದೆಯೆಂಬುದನ್ನೇ ಮರೆತ ಮಾಲಕರು ಹಲವರಿದ್ದಾರೆ.

ಕುಂದಾಪುರ ಕಡೆಯ ಯುವಕನೊಬ್ಬನ ಯಂತ್ರ ಕಳೆದ ವರ್ಷ ಮಳೆಗೆ ಮುಂಚಿನ ತುರ್ತಿನಲ್ಲಿ ನಾಲಾ ಕೆಲಸಕ್ಕೆ ಹೋಗಿತ್ತು. ಆಪರೇಟರ್ ಯಾದಗಿರಿ ಕಡೆಯ ಹುಡುಗ. "ಸಾವ್ಕಾರ್ರ, ಗಾಡಿ ಎಡಕ್ಕ ಜಗ್ಗಾಕತ್ತದ್ರಿ" ಎಂದು ಆತ ಎರಡು ಬಾರಿ ಹೇಳಿದ. "ಈ ಕೆಲಸ ಮುಗಿಯಲಿ ಮಾರಾಯ, ಆಮೇಲೆ ನೋಡುವ" ಎಂದು ಮಾಲಕ ಫೋನಿಟ್ಟ. ಮೂರನೆಯ ದಿನ ಎಡಚೈನು ನಿಂತೇ ಹೋಯಿತು. ಬಿಚ್ಚಿ ನೋಡಿದರೆ ನಾಲಾದ ಪ್ಲಾಸ್ಟಿಕ್ ದಾರ, ತಂತಿ ಎಲ್ಲ ಸುತ್ತಿಕೊಂಡು ಸೀಲನ್ನು ಹರಿದಿದ್ದವು. ಎಣ್ಣೆ ಸೋರಿಹೋಗಿ ಆ ಜಾಗದಲ್ಲಿ ಕೆಸರು ತುಂಬಿ, ಗೇರಿನ ಹಲ್ಲುಗಳು ಸವೆದಿದ್ದವು. ಬಿಡಿಭಾಗ ಬರುವವರೆಗೆ ಮೂರು ವಾರ ಯಂತ್ರ ಅಲ್ಲೇ. ಊರಿನವರ ಎದುರು ದೂಷಣೆ ಕೇಳಿದ್ದು ಮಾತ್ರ ಆಪರೇಟರ್!

ಇಲ್ಲಿ ಲೆಕ್ಕವನ್ನೊಮ್ಮೆ ನೋಡಬೇಕು. ಶೇಕಡಾ 10ರ ಬಡ್ಡಿಯಲ್ಲಿ 20 ಲಕ್ಷ ರೂಪಾಯಿ ಸಾಲವನ್ನು 4 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 50,700 ರೂಪಾಯಿ. ಅಂದರೆ ಯಂತ್ರ ದುಡಿದರೂ ಮಲಗಿದರೂ ದಿನಕ್ಕೆ ಸುಮಾರು 1,700. ಕಂತು 90 ದಿನ ಮೀರಿ ಬಾಕಿಯಾದರೆ ಬ್ಯಾಂಕಿನ ಲೆಕ್ಕದಲ್ಲಿ ಆ ಖಾತೆ ಅನುತ್ಪಾದಕ ಆಸ್ತಿ. ಮುಂದೆ ಮನೆಸಾಲಕ್ಕೆ ಹೋದಾಗಲೂ ಆ ಕಲೆ ಎದುರು ಬರುತ್ತದೆ. ಒಂದು ಸೀಲು, ಒಂದು ಡಬ್ಬಿ ಎಣ್ಣೆ ಉಳಿಸಲು ಹೋಗಿ ಇಷ್ಟೆಲ್ಲ.

ಮಾಡಬೇಕಾದ್ದು ಬ್ರಹ್ಮವಿದ್ಯೆಯೇನಲ್ಲ. ಸಂಜೆ ಕೆಲಸ ಮುಗಿದ ಮೇಲೆ ಚೈನಿನ ಸಂದಿಯ ಕೆಸರು, ದಾರ, ತಂತಿ ತೆಗೆಯಬೇಕು. ಗೇರ್ ಎಣ್ಣೆ ನೋಡಲು ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮುಚ್ಚಳದ ಒಂದು ಪ್ಲಗ್ ಕೆಳಗೆ ಗಡಿಯಾರದ 6 ಗಂಟೆಯ ಜಾಗಕ್ಕೆ ಬರುವಂತೆ ಚೈನು ತಿರುಗಿಸಬೇಕು. ಎಂಜಿನ್ ಆರಿಸಿ, ಎಣ್ಣೆ ತಣಿದ ಬಳಿಕವೇ ಮಟ್ಟದ ಪ್ಲಗ್ಗನ್ನು ನಿಧಾನವಾಗಿ ಸಡಿಲಿಸಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ; ಮಿನುಗುವ ಲೋಹದ ಚೂರು ಕಂಡರೆ ಒಳಗೆ ಗೇರೋ ಬೇರಿಂಗೋ ಸವೆಯುತ್ತಿದೆ. ಎಷ್ಟು ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕು ಎಂಬುದು ಕಂಪೆನಿಯ ಕೈಪಿಡಿಯಲ್ಲಿದೆ. ಹೊಸ ಯಂತ್ರಕ್ಕೆ ಮೊದಲ ಬದಲಾವಣೆ ಬೇಗನೇ ಆಗಬೇಕು. ನಾಲಾದ ನೀರಿನಲ್ಲಿ ದುಡಿಯುವ ಯಂತ್ರಕ್ಕಂತೂ ಕೈಪಿಡಿಯ ಅವಧಿಗೂ ಕಾಯಬಾರದು.

ಮೋಟಾರಿನಿಂದ ಟ್ಯಾಂಕಿಗೆ ಹೋಗುವ ಒಂದು ಸಣ್ಣ ಪೈಪಿದೆ, ಕೇಸ್ ಡ್ರೈನ್ ಎನ್ನುತ್ತಾರೆ. ಕೆಲವು ಯಂತ್ರಗಳಲ್ಲಿ ಅದಕ್ಕೊಂದು ಫಿಲ್ಟರೂ ಉಂಟು. ಅದು ಕಟ್ಟಿಕೊಂಡರೆ ಮೋಟಾರಿನೊಳಗೆ ಒತ್ತಡ ಏರಿ ಸೀಲು ಒಡೆಯುತ್ತದೆ. ಹೊಸ ಮೋಟಾರು ಹಾಕಿ ಈ ಫಿಲ್ಟರನ್ನು ಹಳೆಯದೇ ಬಿಟ್ಟರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಯಂತ್ರ ಒಂದು ಬದಿಗೆ ಎಳೆದ ಕೂಡಲೇ ಮೋಟಾರು ಹೋಯಿತೆಂದು ಹೇಳುವ ಮೆಕ್ಯಾನಿಕ್‌ಗಳಿಗೂ ಬರವಿಲ್ಲ. ಚೈನಿನಲ್ಲಿ ಕಲ್ಲು ಸಿಕ್ಕಿರಬಹುದು, ಚೈನು ವಿಪರೀತ ಬಿಗಿಯಾಗಿರಬಹುದು, ಪಂಪಿನದ್ದೇ ದೋಷವಿರಬಹುದು. ಬಲ್ಲ ಮೆಕ್ಯಾನಿಕ್ ಒತ್ತಡ ಬಿಡುಗಡೆ ಮಾಡಿ ಎಡಬಲದ ಹೋಸ್ ಪೈಪು ಅದಲುಬದಲು ಮಾಡಿ ನೋಡುತ್ತಾನೆ. ತೊಂದರೆ ಇನ್ನೊಂದು ಬದಿಗೆ ಹೋದರೆ ಮೋಟಾರಿನ ತಪ್ಪಲ್ಲ. ಈ ಪರೀಕ್ಷೆ ಮಾಡದೆ ಲಕ್ಷಗಟ್ಟಲೆಯ ಬಿಲ್ಲು ಮುಂದಿಟ್ಟರೆ ಒಪ್ಪಲೇಬಾರದು.

ಇದನ್ನೆಲ್ಲ ಆಪರೇಟರಿಗೆ ಯಾರು ಹೇಳಿಕೊಟ್ಟಿದ್ದಾರೆ? ಕಲಬುರಗಿ, ಯಾದಗಿರಿ, ವಿಜಯಪುರದಿಂದ ದುಡಿಯಲು ಬಂದ ಹುಡುಗರಲ್ಲಿ ಹಲವರಿಗೆ ಕನ್ನಡವಷ್ಟೇ ಓದಲು ಬರುತ್ತದೆ. ಇಂಗ್ಲಿಷಿನ ಕೈಪಿಡಿ ಅವರಿಗೆ ಸೀಟಿನಡಿಯ ರದ್ದಿ. ಅವರ ಮಾಲಕರು ಸಂಘದ ಸದಸ್ಯರು; ಅವರು ಮಾತ್ರ ಸಂಘದ ಮೆಟ್ಟಿಲು ಹತ್ತಿದವರಲ್ಲ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು ಕಟ್ಟಿ ಬೆಳೆಸಿದ ಸಂಘಗಳು ಈ ಮಹಾನಗರದಲ್ಲಿವೆ. ವರ್ಷಕ್ಕೆ ಒಂದು ಸನ್ಮಾನ ಸಮಾರಂಭದ ಶಾಲು, ಹಾರ, ಸ್ಮರಣಿಕೆಯ ಖರ್ಚಿನಲ್ಲಿ ಎರಡು ಭಾನುವಾರ ಸಭಾಗೃಹ ತೆರೆದು, ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಈ ಹುಡುಗರಿಗೆ ಕನ್ನಡದಲ್ಲೇ ಪಾಠ ಮಾಡಿಸಬಹುದು. ಕ್ಯಾಬಿನ್ನಿನಲ್ಲಿ ಅಂಟಿಸಲು ಒಂದು ಪುಟದ ಕನ್ನಡ ಪಟ್ಟಿ ಅಚ್ಚು ಹಾಕಿಸಬಹುದು. ಮಾರ್ಚ್ ಒಳಗೆ ಆದರೆ ಒಳ್ಳೆಯದು. ಏಪ್ರಿಲ್ ಬಂದರೆ ಯಂತ್ರಗಳೆಲ್ಲ ನಾಲಾದೊಳಗೆ ಇಳಿದಿರುತ್ತವೆ, ಹುಡುಗರಿಗೆ ಭಾನುವಾರವೂ ಇರುವುದಿಲ್ಲ.