ಮನಸ್ಸಾಕ್ಷಿಯ ಹಕ್ಕು, ಮನಸ್ಸಾಕ್ಷಿಯ ಹೊಣೆ

ಕ್ರೈಸ್ತರ ಕುರಿತು ನಮ್ಮ ಮನೆಗಳಲ್ಲಿ ಒಂದು ಮಾತು ಬಹಳ ಸಲೀಸಾಗಿ ಬರುತ್ತದೆ. "ಅವರಿಗೇನು, ಫಾದರ್ ಬಳಿ ಹೋಗಿ ಹೇಳಿಕೊಂಡರಾಯಿತು, ಮಾಡಿದ ಪಾಪವೆಲ್ಲ ತೊಳೆದುಹೋಗುತ್ತದೆ." ಹಿರಿಯರ ಬಾಯಿಂದ ಕೇಳಿದ ಈ ಮಾತನ್ನು ಮಕ್ಕಳು ತರಗತಿಯಲ್ಲೂ ಆಡುತ್ತಾರೆ. ಇನ್ನೊಬ್ಬರ ಧರ್ಮದ ಬಗ್ಗೆ ತಿಳಿಯದೆ ತೀರ್ಪು ಕೊಡುವುದು ನಮಗೆ ಕಲಿಸಿಕೊಟ್ಟ ದಾರಿಯಲ್ಲ. ಒಂದು ಜನಾಂಗದ ಮೇಲಿನ ಅಸಮಾಧಾನವೂ ನಮ್ಮನ್ನು ನ್ಯಾಯದಿಂದ ದೂರ ಒಯ್ಯಬಾರದು ಎಂದು ಪವಿತ್ರ ಕುರ್‌ಆನಿನ ಅಲ್‌ಮಾಇದಾ ಅಧ್ಯಾಯವು ಎಚ್ಚರಿಸುತ್ತದೆ. ಅಸಮಾಧಾನವೇ ಇಲ್ಲದ ನೆರೆಯವರ ವಿಷಯದಲ್ಲಿ ಈ ನ್ಯಾಯ ಇನ್ನಷ್ಟು ಸುಲಭವಾಗಬೇಕಿತ್ತು.

ಕಥೋಲಿಕರು ನಮಗೆ ದೂರದವರೇನೂ ಅಲ್ಲ. ಕೋಲಾರ ಜಿಲ್ಲೆ ಕಥೋಲಿಕರ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದೆ. ಕೆಜಿಎಫ್ ಚಿನ್ನದ ಗಣಿಗಳ ಆಳದಲ್ಲಿ ದುಡಿದ ಕುಟುಂಬಗಳಲ್ಲಿ ಹಲವು ಕಥೋಲಿಕ ಕುಟುಂಬಗಳಿದ್ದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಚರ್ಚಿನ ಗಂಟೆ ನಿಲ್ಲಲಿಲ್ಲ. ಮಾಲೂರು, ಮುಳಬಾಗಿಲಿನ ಕಡೆ ಇಂಗ್ಲಿಷ್ ಮಾಧ್ಯಮದ ಯಾವ ಶಾಲೆಯನ್ನಾದರೂ 'ಕಾನ್ವೆಂಟ್' ಎನ್ನುವುದು ವಾಡಿಕೆ. ಆ ಪದವೇ ಕ್ರೈಸ್ತ ಸನ್ಯಾಸಿನಿಯರ ಮಠದಿಂದ ಬಂದದ್ದು. ಅಂತಹ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ನೀತಿಪಾಠದಲ್ಲಿ 'ಮನಸ್ಸಾಕ್ಷಿ' ಎಂಬ ಪದವನ್ನು ಕೇಳಿ ಮನೆಗೆ ಬರುತ್ತಾರೆ. ಅದರ ಅರ್ಥವೇನೆಂದು ತಂದೆತಾಯಿಗಳೂ ತಿಳಿದಿರುವುದು ಒಳ್ಳೆಯದು.

ಕಥೋಲಿಕ ಬೋಧನೆಯ ಪ್ರಕಾರ ಮನಸ್ಸಾಕ್ಷಿ ಎಂದರೆ ಮನಸ್ಸಿಗೆ ಬಂದದ್ದಲ್ಲ, ಕ್ಷಣದ ಭಾವನೆಯೂ ಅಲ್ಲ. ಎದುರಿಗಿರುವ ಒಂದು ನಿರ್ದಿಷ್ಟ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂದು ವಿವೇಕವು ಕೊಡುವ ತೀರ್ಪು ಅದು. 1965ರಲ್ಲಿ ಮುಗಿದ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಅದನ್ನು ಮನುಷ್ಯನು ದೇವರೊಂದಿಗೆ ಏಕಾಂಗಿಯಾಗಿ ನಿಲ್ಲುವ ಒಳಗಿನ ಗುಡಿಯಂತೆ ಕಂಡಿತು. ಆ ಧ್ವನಿಯನ್ನು ಮನುಷ್ಯ ತಾನೇ ಹುಟ್ಟಿಸಿಕೊಂಡದ್ದಲ್ಲ. ಒಳಗೆ ಬರೆದಿಟ್ಟ ಒಂದು ನಿಯಮವನ್ನು ಅವನು ಕಂಡುಕೊಳ್ಳುತ್ತಾನೆ, ಅಷ್ಟೆ. ನಮ್ಮ ಓದುಗರಿಗೆ ಇದು ಅಪರಿಚಿತವೆನಿಸದು. ಪ್ರತಿಯೊಬ್ಬನೂ ಶುದ್ಧ ಪ್ರಕೃತಿಯ ಮೇಲೆ, ಅಂದರೆ ಫಿತ್ರತ್‌ನ ಮೇಲೆ ಹುಟ್ಟುತ್ತಾನೆಂಬುದು ನಮ್ಮ ವಿಶ್ವಾಸ. ಅಲ್ಲಾಹನು ಆತ್ಮಕ್ಕೆ ಅದರ ಕೆಡುಕನ್ನೂ ಭಯಭಕ್ತಿಯನ್ನೂ ತಿಳಿಸಿಕೊಟ್ಟನೆಂದು ಅಶ್ಶಮ್ಸ್ ಅಧ್ಯಾಯ ಹೇಳುತ್ತದೆ. ತನ್ನನ್ನು ತಾನೇ ಆಕ್ಷೇಪಿಸಿಕೊಳ್ಳುವ ಮನಸ್ಸನ್ನು, ನಫ್ಸುಲ್ ಲವ್ವಾಮವನ್ನು, ಅಲ್ಲಾಹನು ಸಾಕ್ಷಿಯಾಗಿ ಹೆಸರಿಸಿದ್ದು ಅಲ್‌ಕಿಯಾಮ ಅಧ್ಯಾಯದ ಆರಂಭದಲ್ಲಿ. ಮನುಷ್ಯ ಎಷ್ಟೇ ನೆಪ ಒಡ್ಡಿದರೂ ತನ್ನ ವಿರುದ್ಧ ತಾನೇ ಸಾಕ್ಷಿ ಎಂಬ ಮಾತೂ ಅದೇ ಅಧ್ಯಾಯದಲ್ಲಿದೆ. ಕನ್ನಡವು ಈ ಶಕ್ತಿಗೆ 'ಸಾಕ್ಷಿ' ಎಂಬ ಪದವನ್ನೇ ಸೇರಿಸಿ ಹೆಸರಿಟ್ಟದ್ದು ಎಷ್ಟು ಸಮಂಜಸ!

ಹಾಗಾದರೆ ಮನಸ್ಸಾಕ್ಷಿ ಹೇಳಿದ್ದೆಲ್ಲ ಸರಿಯೇ? 13ನೇ ಶತಮಾನದ ಕಥೋಲಿಕ ವಿದ್ವಾಂಸ ಸಂತ ಥಾಮಸ್ ಅಕ್ವಿನಾಸ್ ಈ ಪ್ರಶ್ನೆಯನ್ನು ಎರಡು ಭಾಗ ಮಾಡಿದರು. ಮನಸ್ಸಾಕ್ಷಿ ತಪ್ಪೆಂದು ಹೇಳಿದ್ದನ್ನು ಮಾಡಿದವನು ದೋಷಿ. ಏಕೆಂದರೆ ಕೆಡುಕೆಂದು ನಂಬಿಯೇ ಅವನು ಅದನ್ನು ಆರಿಸಿಕೊಂಡ. ಆದರೆ ಮನಸ್ಸಾಕ್ಷಿಯ ಮಾತು ಕೇಳಿದ ಮಾತ್ರಕ್ಕೆ ಎಲ್ಲರೂ ನಿರ್ದೋಷಿಗಳಾಗುವುದಿಲ್ಲ. ತಿಳಿಯಬೇಕಾದದ್ದನ್ನು ತಿಳಿಯದೆ ಉಳಿದದ್ದು ಸ್ವಂತ ಅಸಡ್ಡೆಯಿಂದಾದರೆ, ಆ ಅಜ್ಞಾನವೇ ಅವನ ತಪ್ಪು. ಆದ್ದರಿಂದ ಮನಸ್ಸಾಕ್ಷಿಯನ್ನು ಅನುಸರಿಸುವುದು ಎಷ್ಟು ಕರ್ತವ್ಯವೋ ಅದನ್ನು ತಿದ್ದಿ ಬೆಳೆಸುವುದೂ ಅಷ್ಟೇ ಕರ್ತವ್ಯ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶವು ಇದನ್ನು ಬಾಲ್ಯದಿಂದ ಆರಂಭವಾಗಿ ಜೀವನವಿಡೀ ನಡೆಯಬೇಕಾದ ಕೆಲಸವೆಂದು ಪರಿಗಣಿಸುತ್ತದೆ.

ನಮ್ಮಲ್ಲಿ ವಾಬಿಸಾ(ರ)ರಿಗೆ ಪ್ರವಾದಿವರ್ಯರು(ಸ) ನೀಡಿದ ಉಪದೇಶವೊಂದು ಪ್ರಸಿದ್ಧ. ಜನರು ಏನೇ ಫತ್ವಾ ಕೊಟ್ಟರೂ ನಿನ್ನ ಹೃದಯವನ್ನು ಕೇಳು ಎಂಬುದು ಅದರ ತಾತ್ಪರ್ಯ. ಕೆಲವರು ಇದನ್ನು ಹಿಡಿದು ವಿದ್ವಾಂಸರನ್ನು ಕೇಳುವ ಅಗತ್ಯವೇ ಇಲ್ಲವೆನ್ನುತ್ತಾರೆ. ಆದರೆ ಉಲಮಾಗಳು ಬಿಡಿಸಿ ಹೇಳಿದ್ದು ಬೇರೆ: ಅದು ಈಮಾನಿನಿಂದ ಬೆಳಗಿದ ಹೃದಯಕ್ಕೆ ಹೇಳಿದ ಮಾತು, ಸ್ಪಷ್ಟ ಆಜ್ಞೆಯಿರುವಲ್ಲಿ ಮೀರಲು ಕೊಟ್ಟ ರಹದಾರಿಯಲ್ಲ. ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ಭ್ರಮಿಸುತ್ತ ಶ್ರಮವನ್ನೆಲ್ಲ ಕಳೆದುಕೊಂಡವರ ಬಗ್ಗೆ ಅಲ್‌ಕಹ್ಫ್ ಅಧ್ಯಾಯದಲ್ಲಿ ಎಚ್ಚರಿಕೆಯಿದೆ. ತುಕ್ಕು ಹಿಡಿದ ತಕ್ಕಡಿಯೂ ತೂಗುತ್ತದೆ. ತೂಕ ಮಾತ್ರ ಸರಿಯಿರುವುದಿಲ್ಲ.

ಕಥೋಲಿಕ ನೀತಿಯ ಇನ್ನೊಂದು ಮೂಲಪಾಠ ಕಾರ್ಯವನ್ನು ಅಳೆಯುವ ಬಗೆಗೆ ಸಂಬಂಧಿಸಿದ್ದು. ಮಾಡಿದ್ದೇನು, ಯಾವ ಉದ್ದೇಶದಿಂದ, ಯಾವ ಸಂದರ್ಭದಲ್ಲಿ ಎಂಬ ಮೂರನ್ನೂ ನೋಡಬೇಕು. ಉದ್ದೇಶ ಒಳ್ಳೆಯದೆಂದು ಕೆಟ್ಟ ಕೆಲಸ ಒಳ್ಳೆಯದಾಗದು. ಪಾಪವು ಘೋರ ಪಾಪವಾಗಬೇಕಾದರೂ ಮೂರು ಸೇರಬೇಕು: ವಿಷಯ ಗಂಭೀರವಾಗಿರಬೇಕು, ಮಾಡುವವನಿಗೆ ಅದು ಗೊತ್ತಿರಬೇಕು, ಅವನು ಮನಸಾರೆ ಒಪ್ಪಿ ಮಾಡಿರಬೇಕು. ಕರ್ಮಗಳೆಲ್ಲ ನಿಯ್ಯತ್ತಿನ ಮೇಲೆ ನಿಂತಿವೆ ಎಂಬ ಹದೀಸನ್ನು ಮಗುವಾಗಿದ್ದಾಗಲೇ ಕಲಿತ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು. ಒತ್ತಾಯಕ್ಕೆ ಸಿಲುಕಿದವನಿಗೆ, ಅರಿಯದೆ ಎಡವಿದವನಿಗೆ ನಮ್ಮ ಶರೀಅತ್ತೂ ರಿಯಾಯಿತಿ ಕೊಟ್ಟಿದೆ. ಆದರೆ ನಿಯ್ಯತ್ತು ಹರಾಮನ್ನು ಹಲಾಲು ಮಾಡುವುದಿಲ್ಲ. ಮೋಸದ ಲಾಭದಲ್ಲಿ ಮಸೀದಿಗೆ ಫ್ಯಾನು ಕೊಡಿಸಿದವನ ಉದ್ದೇಶ ಎಷ್ಟೇ ಚೆನ್ನಾಗಿರಲಿ, ಆ ಲಾಭದ ಒಡೆಯ ಬೇರೊಬ್ಬನಿದ್ದಾನೆ.

ಈಗ ಪಾಪನಿವೇದನೆಯ ಮಾತಿಗೆ ಬರೋಣ. 'ಹೇಳಿಕೊಂಡರೆ ಮುಗಿಯಿತು' ಎಂದು ಕಥೋಲಿಕ ಧರ್ಮಸಭೆ ಎಲ್ಲೂ ಬೋಧಿಸಿಲ್ಲ. ಮೊದಲು ತನ್ನ ನಡತೆಯನ್ನು ತಾನೇ ಪರಿಶೀಲಿಸಿಕೊಳ್ಳಬೇಕು. ನಿಜವಾದ ಪಶ್ಚಾತ್ತಾಪ ಮತ್ತು ಮತ್ತೆ ಮಾಡೆನೆಂಬ ಸಂಕಲ್ಪ ಇರಬೇಕು. ಬಳಿಕ ನಿವೇದನೆ, ಅನಂತರ ಪ್ರಾಯಶ್ಚಿತ್ತ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು. ಇವು ಯಾವುವೂ ಮನಸ್ಸಿನಲ್ಲಿಲ್ಲದೆ ಬಾಯಿಮಾತಿನಲ್ಲಿ ಹೇಳಿದವನಿಗೆ ಕ್ಷಮೆಯ ಭರವಸೆ ಇಲ್ಲ. ಅಕ್ವಿನಾಸರ ಕಾಲದಲ್ಲಿಯೇ ಬದುಕಿದ್ದವರು ದಮಾಸ್ಕಸ್ಸಿನ ಇಮಾಮ್ ನವವಿ(ರ). ಅಕ್ವಿನಾಸ್ ತೀರಿಕೊಂಡದ್ದು 1274ರಲ್ಲಿ, ನವವಿ ತೀರಿಕೊಂಡದ್ದು 1277ರಲ್ಲಿ. ತೌಬಾದ ಷರತ್ತುಗಳನ್ನು ನವವಿ ಹೀಗೆ ಪಟ್ಟಿಮಾಡಿದರು: ಪಾಪವನ್ನು ಬಿಡುವುದು, ಅದಕ್ಕಾಗಿ ಮರುಗುವುದು, ಮತ್ತೆ ಅತ್ತ ಹೋಗೆನೆಂದು ನಿಶ್ಚಯಿಸುವುದು, ಪಾಪವು ಮನುಷ್ಯನ ಹಕ್ಕಿಗೆ ತಾಗಿದ್ದರೆ ಆ ಹಕ್ಕನ್ನು ಅವನಿಗೆ ತೀರಿಸುವುದು. ಒಬ್ಬರನ್ನೊಬ್ಬರು ಕಾಣದ ಇಬ್ಬರು ವಿದ್ವಾಂಸರ ಪರಂಪರೆಗಳು ಇಲ್ಲಿ ಎಷ್ಟು ಹತ್ತಿರ ಬಂದಿವೆ ನೋಡಿ.

ಹತ್ತಿರವೆಂದ ಮಾತ್ರಕ್ಕೆ ಎರಡೂ ಒಂದೇ ಅಲ್ಲ, ಅದನ್ನೂ ಸ್ಪಷ್ಟವಾಗಿ ಹೇಳಬೇಕು. ಕಥೋಲಿಕರು ಗುರುವಿನ ಮೂಲಕ ಕ್ಷಮೆಯನ್ನು ಸ್ವೀಕರಿಸುತ್ತಾರೆ. ನಮಗೂ ಅಲ್ಲಾಹನಿಗೂ ನಡುವೆ ಯಾರೂ ಇಲ್ಲ, ಸಜ್ದಾದಲ್ಲಿ ಹಣೆಯಿಟ್ಟವನ ಮಾತು ನೇರ ತಲುಪುತ್ತದೆ. ಅವರು ಆದಿಪಾಪವನ್ನು ನಂಬುತ್ತಾರೆ. ಆದಮರ(ಅ) ತೌಬಾ ಸ್ವೀಕೃತವಾಯಿತು, ಅವರ ತಪ್ಪಿನ ಹೊರೆ ಯಾವ ಮಗುವಿನ ಮೇಲೂ ಇಲ್ಲ ಎಂಬುದು ನಮ್ಮ ವಿಶ್ವಾಸ. ಈ ವ್ಯತ್ಯಾಸಗಳನ್ನು ಮಕ್ಕಳಿಗೆ ಗೌರವದ ಮಾತಿನಲ್ಲೇ ತಿಳಿಸಬಹುದು. ಹಾಸ್ಯ ಮಾಡಿದರೆ ಅವರು ಕಲಿಯುವುದು ಹಾಸ್ಯವನ್ನೇ.

ಇನ್ನು ನಮ್ಮ ಅಂಗಳವನ್ನು ನೋಡಿಕೊಳ್ಳೋಣ. ಫಾದರ್ ಬಳಿ ಹೇಳಿದರೆ ಪಾಪ ಹೋಗುತ್ತದೆಂದು ನಗುವವರಲ್ಲಿ ಎಷ್ಟು ಜನ ರಮಝಾನಿನ ಕೊನೆಯ ಹತ್ತರಲ್ಲಿ, ಇಲ್ಲವೇ ಉಮ್ರಾದಲ್ಲಿ ಎಲ್ಲ ಲೆಕ್ಕವೂ ಚುಕ್ತಾ ಆಯಿತೆಂದು ನೆಮ್ಮದಿಯಾಗಿದ್ದಾರೆ? ನಮಾಝು, ರೋಝಾ, ಝಕಾತುಗಳನ್ನೆಲ್ಲ ಹೊತ್ತು ಬಂದೂ ಇತರರ ಹಕ್ಕು ತಿಂದದ್ದರಿಂದ ಪರಲೋಕದಲ್ಲಿ ದಿವಾಳಿಯಾಗುವವನ ಬಗ್ಗೆ ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರಲ್ಲವೇ?

ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈಯಲ್ಲಿ 15 ಕಿಲೋ ಬಾಕ್ಸಿನ ಬೆಲೆ ಅಲ್ಲಿ 2,000 ರೂಪಾಯಿ ದಾಟಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದ ವರ್ಷಗಳೂ ಇವೆ. ಬೆಲೆ ಏರಲಿ, ಇಳಿಯಲಿ, ಬಾಕ್ಸಿನ ಮೇಲೆ ಗಟ್ಟಿ ಹಣ್ಣು, ಅಡಿಯಲ್ಲಿ ಕೊಳೆತದ್ದು ಇಟ್ಟವನಿಗೆ ಒಂದು ಪ್ರಸಂಗ ನೆನಪಿರಬೇಕು. ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗಿನದು ಒದ್ದೆಯಾಗಿತ್ತು. ಜನರಿಗೆ ಕಾಣುವಂತೆ ಅದನ್ನೇ ಏಕೆ ಮೇಲಿಡಲಿಲ್ಲವೆಂದು ಕೇಳಿ, ಮೋಸಗಾರನು ತಮ್ಮವನಲ್ಲವೆಂದು ಹೇಳಿಬಿಟ್ಟರು.

ಶ್ರೀನಿವಾಸಪುರದ ಮಾವಿನ ವಹಿವಾಟಿಗೂ ಇದೇ ಪ್ರಶ್ನೆ ಹಾಕಬೇಕು. ಹಣ್ಣು ಬಲಿಯುವ ಲಕ್ಷಣ ಕಾಣುವ ಮೊದಲೇ ಮರದ ಫಸಲನ್ನು ಮಾರುವುದನ್ನು ಹದೀಸ್ ನಿಷೇಧಿಸಿದೆ. ಅದರ ಕಾರಣವೂ ಅಲ್ಲೇ ಇದೆ: ಅಲ್ಲಾಹನು ಫಸಲನ್ನು ತಡೆದರೆ ಸಹೋದರನ ಹಣವನ್ನು ಯಾವ ಹಕ್ಕಿನಿಂದ ತಿನ್ನುವೆ? ಹೂ ಬಿಟ್ಟಾಗಲೇ ತೋಟದ ಫಸಲಿಗೆ ಬೆಲೆ ಕಟ್ಟುವವರು ಒಮ್ಮೆಯಾದರೂ ಆಲಿಮರನ್ನು ಕೇಳಿದ್ದಾರೆಯೇ? ಕಾಯಿಯನ್ನು ಬೇಗ ಹಳದಿಯಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ಆಹಾರ ಸುರಕ್ಷತೆಯ ಕಾನೂನಿನಲ್ಲಿ ನಿಷಿದ್ಧ. ಆದರೆ ಗೋದಾಮಿನ ಬಾಗಿಲು ಮುಚ್ಚಿದ ಮೇಲೆ ಇನ್ಸ್‌ಪೆಕ್ಟರ್ ಇರುವುದಿಲ್ಲ, ಮನಸ್ಸಾಕ್ಷಿ ಮಾತ್ರ ಇರುತ್ತದೆ. ನಿನ್ನ ಎದೆಯಲ್ಲಿ ಚುಚ್ಚುವುದು, ಜನರಿಗೆ ತಿಳಿಯಬಾರದೆಂದು ನೀನು ಬಯಸುವುದು, ಅದೇ ಪಾಪ ಎಂಬ ಪ್ರವಾದಿ ವಚನದ ಅರ್ಥಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕೇ? ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿಯುವವನ ಬೆವರು ಆರುವ ಮೊದಲು ಕೂಲಿ ಕೈಸೇರಬೇಕೆಂಬುದೂ ಇದೇ ಸಾಲಿಗೆ ಸೇರುವ ಪಾಠ.

ಇಷ್ಟನ್ನು ಹೇಳುವುದಕ್ಕೆ ಈ ಹೊತ್ತಿನಲ್ಲಿ ವಿಶೇಷ ಕಾರಣವಿದೆ. ನಮ್ಮ ಸಂವಿಧಾನದ 25ನೇ ಅನುಚ್ಛೇದವು ಧರ್ಮಪಾಲನೆಯ ಹಕ್ಕಿಗೂ ಮೊದಲು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಹೆಸರಿಸುತ್ತದೆ. ಹಿಜಾಬ್ ಪ್ರಕರಣದಲ್ಲಿ ನಮ್ಮ ಹೆಣ್ಣುಮಕ್ಕಳ ಪರವಾಗಿ ಆ ಸ್ವಾತಂತ್ರ್ಯವನ್ನೂ ವಾದಿಸಲಾಯಿತು. 2022ರ ಮಾರ್ಚ್ 15ರಂದು ಹೈಕೋರ್ಟ್ ಒಪ್ಪಲಿಲ್ಲ; ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2021ರ ಡಿಸೆಂಬರಿನಲ್ಲಿ, ನಮ್ಮದೇ ಶ್ರೀನಿವಾಸಪುರದಲ್ಲಿ ಕ್ರೈಸ್ತರ ಧಾರ್ಮಿಕ ಪುಸ್ತಕಗಳಿಗೆ ಬೆಂಕಿ ಹಚ್ಚಲಾಗಿತ್ತು. ಅವರು ಯಾವ ಪಂಗಡದವರೆಂಬುದು ಇಲ್ಲಿ ಮುಖ್ಯವಲ್ಲ. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದು ನಂಬುವ ನಮಗೆ ಆ ಬೆಂಕಿ ನೋಯಿಸಬೇಕಿತ್ತು. ನಮ್ಮ ಮಗಳ ಮನಸ್ಸಾಕ್ಷಿಗೆ ಬೇಡುವ ಗೌರವವನ್ನು ನೆರೆಯವನ ಮನಸ್ಸಾಕ್ಷಿಗೂ ಬೇಡದಿದ್ದರೆ ನಮ್ಮ ಬೇಡಿಕೆ ನ್ಯಾಯದ್ದಾಗದು, ಬರಿಯ ಪಕ್ಷಪಾತವಾಗುತ್ತದೆ. ಕಥೋಲಿಕ ಧರ್ಮಸಭೆಯೂ 1965ರ ಡಿಸೆಂಬರ್ 7ರ ಘೋಷಣೆಯಲ್ಲಿ, ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದೆಂದು ಸಾರಿತು.

ಮನಸ್ಸಾಕ್ಷಿಗಾಗಿ ಬೆಲೆ ತೆತ್ತವರು ಎರಡೂ ಕಡೆ ಇದ್ದಾರೆ. ಆಸ್ಟ್ರಿಯಾದ ಕಥೋಲಿಕ ರೈತ ಫ್ರಾನ್ಜ್ ಯೇಗರ್‌ಶ್ಟೆಟರ್ ಹಿಟ್ಲರನ ಸೈನ್ಯದಲ್ಲಿ ಹೋರಾಡಲು ಒಪ್ಪಲಿಲ್ಲ. ಹೆಂಡತಿ ಮಕ್ಕಳನ್ನು ನೆನೆದು ಮನಸ್ಸು ಬದಲಿಸೆಂದು ಧರ್ಮಗುರುಗಳೇ ಹೇಳಿದರೂ ಕೇಳಲಿಲ್ಲ. 1943ರ ಆಗಸ್ಟ್ 9ರಂದು ಅವನ ತಲೆ ಕಡಿಯಲಾಯಿತು. 2007ರಲ್ಲಿ ಅದೇ ಧರ್ಮಸಭೆ ಅವನನ್ನು ಪುನೀತನೆಂದು ಘೋಷಿಸಿತು. ಖಲೀಫನ ಆಸ್ಥಾನವು ಹೇರಿದ ಸಿದ್ಧಾಂತವನ್ನು ಒಪ್ಪದೆ ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಬಗ್ದಾದಿನಲ್ಲಿ ಸೆರೆಮನೆಯನ್ನೂ ಚಾಟಿಯೇಟನ್ನೂ ಅನುಭವಿಸಿದರು. ಇಬ್ಬರೂ ತಮಗೆ ಅನುಕೂಲವಾದದ್ದನ್ನು ಮನಸ್ಸಾಕ್ಷಿಯೆಂದು ಕರೆಯಲಿಲ್ಲ. ಸಂಸ್ಥೆಯೊಂದು ಪವಿತ್ರವೆನಿಸಿಕೊಂಡ ಮಾತ್ರಕ್ಕೆ ಅದರೊಳಗಿನವರ ಮನಸ್ಸಾಕ್ಷಿ ತಾನಾಗಿ ಎಚ್ಚರವಿರುವುದಿಲ್ಲ ಎಂಬುದಕ್ಕೂ ಸಾಕ್ಷಿಯಿದೆ. ಮಕ್ಕಳ ಮೇಲೆ ನಡೆದ ದೌರ್ಜನ್ಯಗಳನ್ನು ಚರ್ಚಿನೊಳಗೆ ಮುಚ್ಚಿಟ್ಟದ್ದನ್ನು 2018ರಲ್ಲಿ ಪೋಪ್ ಫ್ರಾನ್ಸಿಸ್ ತಮ್ಮ ಪತ್ರದಲ್ಲಿ ನೋವಿನಿಂದ ಒಪ್ಪಿಕೊಂಡರು. ಅದನ್ನು ಓದಿ ನಾವು ಹಿಗ್ಗಬೇಕಾಗಿಲ್ಲ, ನಮ್ಮ ಸಂಸ್ಥೆಗಳ ಬಾಗಿಲನ್ನೂ ತೆರೆದು ನೋಡಬೇಕು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಹಲಾಲ್ ಹರಾಮುಗಳ ಪಟ್ಟಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಅಗತ್ಯ, ಆದರೆ ಸಾಲದು. ಪ್ರತಿಯೊಂದರ ಹಿಂದೆ ಯಾರ ಹಕ್ಕಿದೆ ಎಂಬುದನ್ನೂ ತಿಳಿಸಬೇಕು. ಸುಳ್ಳು ಹೇಳಿದ ಮಗುವಿಗೆ ಏಟು ಕೊಡುವ ಮೊದಲು, ಹೇಳಿದಾಗ ನಿನ್ನ ಒಳಗೆ ಏನಾಯಿತೆಂದು ಕೇಳಿ ನೋಡಿ. ಮಗು ಉತ್ತರ ಹುಡುಕತೊಡಗಿದರೆ ಅಲ್ಲಿಗೆ ಮನಸ್ಸಾಕ್ಷಿಯ ಪಾಠ ಆರಂಭವಾಯಿತು. ಇಶಾ ನಮಾಝಿನ ಬಳಿಕ ಐದು ನಿಮಿಷ ಕುಳಿತು ದಿನದ ಲೆಕ್ಕ ನೋಡಿಕೊಳ್ಳುವುದು ಮುಹಾಸಬ. ನಿಮ್ಮ ಲೆಕ್ಕ ಕೇಳುವ ಮೊದಲೇ ನೀವು ಕೇಳಿಕೊಳ್ಳಿರೆಂಬ ಆಶಯದ ಮಾತು ಉಮರ್(ರ)ರದು. ಇಮಾಮ್ ಗಝಾಲಿ(ರ) ತಮ್ಮ ಇಹ್ಯಾದಲ್ಲಿ ಇದಕ್ಕಾಗಿ ಒಂದು ಪೂರ್ಣ ಅಧ್ಯಾಯವನ್ನೇ ಮೀಸಲಿಟ್ಟರು. ಅಂಗಡಿಯ ಗಲ್ಲಾವನ್ನು ದಿನವೂ ಎಣಿಸುವ ನಮಗೆ ಇದು ಕಷ್ಟದ ಅಭ್ಯಾಸವಲ್ಲ. ತಂದೆ ತಾನು ಬಾಕಿ ಉಳಿಸಿಕೊಂಡ ಕೂಲಿಯನ್ನು ಮಗನ ಕೈಯಲ್ಲೇ ಕೊಟ್ಟು ಕಳುಹಿಸಿದರೆ ಆ ಹುಡುಗ ನೂರು ಪ್ರವಚನಗಳಿಗಿಂತ ಹೆಚ್ಚನ್ನು ಕಲಿಯುತ್ತಾನೆ.

ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ನ್ಯಾಯಾಲಯ ಕೊಡಬಹುದು, ಕೊಡದಿರಬಹುದು. ಮನಸ್ಸಾಕ್ಷಿಯನ್ನು ಮಾತ್ರ ಯಾವ ನ್ಯಾಯಾಲಯವೂ ಕೊಡಲಾರದು. ಅದನ್ನು ಬೆಳೆಸುವ ಹೊಣೆ ಮನೆಯದು, ಮದ್ರಸದ್ದು, ಮಸೀದಿಯದು. ನಮ್ಮ ಒಳಗಿನ ಸಾಕ್ಷಿಯನ್ನು ಅಲ್ಲಾಹನು ಎಚ್ಚರವಾಗಿಡಲಿ. ಆ ಸಾಕ್ಷಿ ಅಂತಿಮ ದಿನದಲ್ಲಿ ನಮ್ಮ ಪರವಾಗಿ ನುಡಿಯುವಂತೆ ಬದುಕುವ ಸೌಭಾಗ್ಯವನ್ನು ಕರುಣಿಸಲಿ. ಆಮೀನ್.