ರೀಸೆಟ್ ಒತ್ತುವ ಮುಂಚೆ ಪ್ಯಾನಲ್ ಓದೋಣ

ಕುಂದಗೋಳದಂಥ ಊರಿನಲ್ಲಿ ಡೀಸೆಲ್ ಜನರೇಟರ್ ಅಂದರೆ ದೊಡ್ಡ ಸುದ್ದಿಯೇನಲ್ಲ. ಕಲ್ಯಾಣ ಮಂಟಪದ ಹಿಂದೆ, ಬ್ಯಾಂಕಿನ ಪಕ್ಕ, ಆಸ್ಪತ್ರೆಯ ಮೂಲೆಯಲ್ಲಿ, ಮೊಬೈಲ್ ಟವರಿನ ಬುಡದಲ್ಲಿ ಅದು ನಿಂತಿರ್ತದೆ. ಕರೆಂಟ್ ಹೋದಾಗ ಮಾತ್ರ ನೆನಪಾಗ್ತದೆ. ಚಾಲೂ ಆಗಿ ಹತ್ತು ನಿಮಿಷಕ್ಕೆ ಬಂದ್ ಬಿದ್ದು ಪ್ಯಾನಲ್ ಮೇಲೆ ಕೆಂಪು ದೀಪ ಹತ್ತಿದರೆ ಎಲ್ಲ ಕಡೆ ನಡೆಯೋದು ಒಂದೇ: ರೀಸೆಟ್ ಒತ್ತು, ಮತ್ತೆ ಸ್ಟಾರ್ಟ್ ಮಾಡು. ಈ ಚಾಳಿ ನಿಲ್ಲಬೇಕು ಅನ್ನೋದು ನಮ್ಮ ವಾದ. ನಿಲ್ಲಿಸೋ ಕೆಲಸ ನಮ್ಮಂಥ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಂದಲೇ ಶುರುವಾಗಬೇಕು ಅಂತಲೂ ಹೇಳ್ತೀವಿ.

ಮೊದಲು ನಮ್ಮ ಕ್ಯಾಂಪಸ್ ಜಗಳ ಮುಗಿಸೋಣ. ಮೆಕ್ಯಾನಿಕಲ್‌ನವರು ‘ಪ್ಯಾನಲ್ ಅಂದ್ರ ಎಲೆಕ್ಟ್ರಿಕಲ್’ ಅಂತಾರೆ. ಎಲೆಕ್ಟ್ರಿಕಲ್‌ನವರು ವೋಲ್ಟ್, ಆಂಪಿಯರ್ ನೋಡಿ ‘ಉಳಿದದ್ದು ಎಂಜಿನ್, ನಮ್ದಲ್ಲ’ ಅಂತಾರೆ. ನಡುವೆ ಎಂಜಿನ್ ಕಂಟ್ರೋಲ್ ಪ್ಯಾನಲ್ ಯಾರಿಗೂ ಸೇರದೆ ಉಳೀತದೆ. ಅದರ ಮೇಲಿರೋದು ಬೆರಳೆಣಿಕೆಯ ವಿಷಯ: ಆಯಿಲ್ ಪ್ರೆಶರ್, ನೀರಿನ ಉಷ್ಣತೆ, ಬ್ಯಾಟರಿ, ವೇಗ, ಓಡಿದ ತಾಸುಗಳು, ಜೊತೆಗೆ ಎಮರ್ಜೆನ್ಸಿ ಸ್ಟಾಪ್. ಆದರೆ ಪ್ರತಿಯೊಂದರ ಹಿಂದೆಯೂ ಒಂದು ಕಾರಣ ಇದೆ.

ಆಯಿಲ್ ಪ್ರೆಶರ್ ತಗೊಳ್ರಿ. ಕ್ರ್ಯಾಂಕ್‌ಶಾಫ್ಟ್ ಮತ್ತು ಬೇರಿಂಗ್ ನಡುವೆ ಆಯಿಲ್‌ನ ತೆಳು ಪದರ ಇರೋವರೆಗೂ ಲೋಹಕ್ಕೆ ಲೋಹ ತಾಗೋದಿಲ್ಲ. ಒತ್ತಡ ಬಿದ್ದರೆ ಆ ಪದರ ಹೋಗ್ತದೆ, ಬೇರಿಂಗ್ ಕಚ್ಚಿಕೊಳ್ತದೆ. ಅದಕ್ಕೇ ಕಂಟ್ರೋಲರ್ ಎಂಜಿನ್ನನ್ನು ನಿಲ್ಲಿಸೋದು. ಆದರೆ ನಿಂತ ಎಂಜಿನ್‌ನಲ್ಲಿ ಒತ್ತಡ ಸೊನ್ನೆ. ಸ್ಟಾರ್ಟ್ ಆದ ಮೇಲೆ ಅದು ಏರೋಕೆ ಸ್ವಲ್ಪ ಹೊತ್ತು ಬೇಕು. ಹಾಗಾಗಿ ಶುರುವಿನ ಕೆಲವು ಸೆಕೆಂಡು ಕಂಟ್ರೋಲರ್ ಈ ದೂರನ್ನು ಬೇಕಂತಲೇ ಕೇಳಿಸಿಕೊಳ್ಳೋದಿಲ್ಲ. ಅಂದರೆ, ಆಯಿಲ್ ಇಲ್ಲದ ಎಂಜಿನ್ನಿಗೆ ನಾವು ರೀಸೆಟ್ ಒತ್ತಿದ ಪ್ರತಿ ಸಲವೂ ಆ ಕೆಲವು ಸೆಕೆಂಡು ಅದನ್ನು ಕಾಯೋರು ಯಾರೂ ಇರೋದಿಲ್ಲ. ಮೂರು ಸಲ ಒತ್ತಿದರೆ ಮೂರು ಸಲ ಬೇರಿಂಗ್ ಸವೀತದೆ. ಡಿಪ್‌ಸ್ಟಿಕ್ ಎಳೆದು ನೋಡೋಕೆ ಬೇಕಾದದ್ದು ಒಂದು ಬಟ್ಟೆ, ಒಂದು ನಿಮಿಷ.

ಉಷ್ಣತೆಯ ದೀಪ ಹತ್ತಿದರೆ ಮೊದಲು ಕಾಯಬೇಕು. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಹಾರ್ತದೆ. ತಣ್ಣಗಾದ ಮೇಲೆ ನೀರಿನ ಮಟ್ಟ, ಫ್ಯಾನ್ ಬೆಲ್ಟ್, ರೇಡಿಯೇಟರಿನ ಜಾಲಿ ನೋಡಬೇಕು. ಹತ್ತಿ, ಮೆಣಸಿನಕಾಯಿ ಬೆಳೆಯೋ ಸೀಮೆಯಲ್ಲಿ ಧೂಳು, ಅರಳೆ ಕೂತು ಜಾಲಿ ಕಟ್ಟಿಕೊಂಡರೆ ಆಶ್ಚರ್ಯ ಇಲ್ಲ. ಇನ್ನೊಂದು ಮಾತು: ಸೆನ್ಸರ್ ಅಳೆಯೋದು ತನ್ನನ್ನು ಮುಟ್ಟಿದ ನೀರಿನ ಬಿಸಿಯನ್ನು. ನೀರೇ ಸೋರಿಹೋಗಿದ್ದರೆ ಅದು ಸುಳ್ಳು ಹೇಳಬಹುದು. ಮುಳ್ಳು ನೋಡಿದರೆ ಸಾಲದು, ಮಟ್ಟನೂ ನೋಡಬೇಕು.

ಬ್ಯಾಟರಿ ದೀಪವನ್ನಂತೂ ಯಾರೂ ಲೆಕ್ಕಕ್ಕೇ ಇಡೋದಿಲ್ಲ, ಯಾಕಂದ್ರೆ ಅದು ಹತ್ತಿದರೂ ಎಂಜಿನ್ ಓಡ್ತಾ ಇರ್ತದೆ. ಜನರೇಟರ್‌ನಲ್ಲಿ ಆಲ್ಟರ್ನೇಟರ್ ಎರಡು: ಊರಿಗೆ ಬೆಳಕು ಕೊಡೋ ದೊಡ್ಡದು, ಬೆಲ್ಟಿಗೆ ಸುತ್ತಿ ಬ್ಯಾಟರಿ ತುಂಬೋ ಸಣ್ಣದು. 12 ವೋಲ್ಟ್ ಬ್ಯಾಟರಿ ಎಂಜಿನ್ ಓಡುವಾಗ ಸುಮಾರು 13.5ರಿಂದ 14.4 ವೋಲ್ಟ್ ತೋರಿಸಬೇಕು. 12ರ ಹತ್ತಿರವೇ ನಿಂತಿದ್ದರೆ ಸಣ್ಣದು ಕೆಲಸ ಮಾಡ್ತಿಲ್ಲ ಅಂತ ಅರ್ಥ. ಇವತ್ತು ಓಡಿದ ಜನರೇಟರ್ ಮುಂದಿನ ಸಲ ಕರೆಂಟ್ ಹೋದಾಗ ಏಳೋದೇ ಇಲ್ಲ. ಆ ಮುಂದಿನ ಸಲ ಆಸ್ಪತ್ರೆಯಲ್ಲಿ ಹೆರಿಗೆ ನಡೆದಿರಬಹುದು.

ಇನ್ನು ವೇಗ. ನಾಲ್ಕು ಪೋಲಿನ ಆಲ್ಟರ್ನೇಟರ್ 1500 ಆರ್‌ಪಿಎಂನಲ್ಲಿ ತಿರುಗಿದರೆ 4×1500÷120, ಅಂದರೆ 50 ಹರ್ಟ್ಸ್. ಎರಡನೇ ಸೆಮ್‌ನಲ್ಲಿ ಬರೆದು ಮರೆತ ಸೂತ್ರ ಇದೇ. ಸವಾಯಿ ಗಂಧರ್ವರ ಊರಿನವರಿಗೆ ಇದನ್ನು ಶ್ರುತಿ ಅಂದರೆ ಸಾಕು. ಲೋಡ್ ಬಿದ್ದಾಗ ಶ್ರುತಿ ಕ್ಷಣ ಜಗ್ಗಿ ಮತ್ತೆ ಜಾಗಕ್ಕೆ ಬರಬೇಕು. 47, 46ಕ್ಕೆ ಇಳಿದು ಅಲ್ಲೇ ಕೂತರೆ ಒಂದೋ ಲೋಡ್ ಹೆಚ್ಚಾಗಿದೆ, ಇಲ್ಲಾ ಡೀಸೆಲ್ ಅಥವಾ ಗಾಳಿಯ ಫಿಲ್ಟರ್ ಕಟ್ಟಿದೆ.

ಇಷ್ಟನ್ನೆಲ್ಲ ಹೇಳೋ ಪ್ಯಾನಲ್ ಮಾತಾಡೋದು ಇಂಗ್ಲಿಷಿನಲ್ಲಿ, ಇಲ್ಲಾ ಚಿತ್ರದಲ್ಲಿ. ಎಣ್ಣೆ ಡಬ್ಬಿಯ ಚಿತ್ರ ಇರೋವಾಗ ಕನ್ನಡ ಯಾಕೆ ಅಂತ ಕೇಳಬಹುದು. ಚಿತ್ರ ‘ಯಾವುದು’ ಅಂತ ಹೇಳ್ತದೆ, ‘ಈಗ ಏನು ಮಾಡಬೇಕು, ಏನು ಮಾಡಬಾರದು’ ಅಂತ ಹೇಳೋದಿಲ್ಲ. ಮೆಕ್ಯಾನಿಕ್ ಬರ್ತಾನಲ್ಲ ಅಂತಲೂ ಅನ್ನಬಹುದು. ಅವನು ಹುಬ್ಬಳ್ಳಿಯಿಂದ ಬರೋದರೊಳಗೆ ಆಗೋದು ಆಗಿಹೋಗಿರ್ತದೆ. ಕೊನೆಗೆ ಬೈಸಿಕೊಳ್ಳೋನು ರಾತ್ರಿ ಪಾಳಿಯ ವಾಚ್‌ಮನ್ ಕಾಕಾ. ಅವನಿಗೆ ಯಾರೂ ಏನೂ ಕಲಿಸಿರೋದಿಲ್ಲ, ಗುಂಡಿ ಎಲ್ಲಿದೆ ಅಂತ ಮಾತ್ರ ತೋರಿಸಿರ್ತಾರೆ.

ಅದಕ್ಕೇ ನಮ್ಮ ಬಳಗದ ಸಲಹೆ ಇದು. ಈ ಸೆಮ್‌ನಲ್ಲಿ ಎರಡೂ ಬ್ರಾಂಚಿನವರು ಸೇರಿ ಒಂದು ಪುಟದ ಕನ್ನಡ ಕಾರ್ಡ್ ಮಾಡೋಣ. ಪ್ರತಿ ದೀಪಕ್ಕೆ ಮೂರೇ ಸಾಲು: ಇದು ಏನು, ಮೊದಲು ಏನು ನೋಡಬೇಕು, ಯಾವಾಗ ಮುಟ್ಟಲೇಬಾರದು. ಕನ್ನಡ ಬಳಗ ಅಂತ ‘ತೈಲ ಒತ್ತಡ ಕುಸಿತ’ ಅಂತ ಬರೆಯೋದು ಬೇಡ. ‘ಆಯಿಲ್ ಪ್ರೆಶರ್ ಬಿದ್ದೈತಿ, ಸ್ಟಾರ್ಟ್ ಮಾಡಬ್ಯಾಡ್ರಿ, ಆಯಿಲ್ ನೋಡ್ರಿ’ ಅಂದರೆ ಎಲ್ಲರಿಗೂ ತಿಳೀತದೆ. ಮಿತಿಯ ಅಂಕಿಗಳನ್ನು ಮಾತ್ರ ಆಯಾ ಎಂಜಿನ್ನಿನ ಮ್ಯಾನ್ಯುವಲ್ ನೋಡಿಯೇ ತುಂಬಬೇಕು, ಅಂದಾಜು ನಡೆಯೋದಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ಎರಡು ಸಾಲು ಇರಲಿ: ಪ್ಯಾನಲ್ ಬಾಗಿಲು ತೆಗೆಯಬ್ಯಾಡ್ರಿ, ಒಳಗೆ 415 ವೋಲ್ಟ್ ಐತಿ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಬ್ಯಾಡ್ರಿ, ಕಂಬದ ಮೇಲಿರೋ ಲೈನ್‌ಮನ್ ಜೀವ ಹೋದೀತು.

ಕಾರ್ಡಿಗೆ ಮುಂಚೆ ನಾವೇ ಓದೋಕೆ ಕಲಿಯಬೇಕು. ನಮ್ಮ ಹಾಸ್ಟೆಲ್ ಹಿಂದಿರೋ ಜನರೇಟರ್‌ನಿಂದಲೇ ಶುರು ಮಾಡೋಣ. ಮೇಲ್ವಿಚಾರಕರ ಅನುಮತಿ ತಗೊಂಡು, ಅದನ್ನು ನೋಡಿಕೊಳ್ಳೋ ಅಣ್ಣನ್ನ ಕರಕೊಂಡು, ಓಡುವಾಗ ಪ್ಯಾನಲ್ ಮುಂದೆ ಹತ್ತು ನಿಮಿಷ ನಿಂತು ಪ್ರತಿ ಮುಳ್ಳಿನ ಅಂಕಿ ಬರೆದಿಡೋಣ. ಆರಾಮಾಗಿದ್ದಾಗ ಎಂಜಿನ್ ಏನು ತೋರಿಸ್ತದೆ ಅಂತ ಗೊತ್ತಿದ್ದರೆ ತಾನೇ, ಅದಕ್ಕೆ ಜಡ್ಡಾದಾಗ ನಮಗೆ ತಿಳಿಯೋದು?