ಹಾವಾಡಿಗನ ಪಕ್ಕದಲ್ಲಿ ಟೀಚರಮ್ಮ

ಕಳೆದ ದೀಪಾವಳಿಗೆ ನನ್ನ ತಂಗಿಯ ಮಗಳು ಊರಿಂದ ಬಂದಿದ್ದಳು. ಒಲೆಯ ಮುಂದೆ ಕಜ್ಜಾಯ ಬೇಯಿಸುತ್ತಿದ್ದ ನನ್ನ ಕಣ್ಣಿಗೆ ಅವಳ ಮಗನ ಟ್ಯಾಬ್ ಹಿಡಿದು, "ದೊಡ್ಡಮ್ಮಾ, ಇದು ನಿಮ್ಮ ದನಿ ಅಲ್ವಾ?" ಎಂದು ಕೇಳಿದಳು.

ಕಿವಿಗೊಟ್ಟೆ. ಸವರ್ಣದೀರ್ಘ ಸಂಧಿಯ ಪಾಠ. ದನಿ ನನ್ನದೇ. ಕಪ್ಪು ಹಲಗೆಯ ಮೇಲೆ ಓಡಾಡುವ ಕೈಯೂ ನನ್ನದೇ. ನಡುವೆ ನಮ್ಮ ಮನೆಯ ಕುಕ್ಕರ್ ಎರಡು ಸಲ ಕೂಗಿದ್ದು ಕೂಡ ಹಾಗೆಯೇ ಇದೆ. ಆದರೆ ಮೊದಲಿಗೆ "ನಮಸ್ಕಾರ ಮಕ್ಕಳೇ, ನಾನು ನಿಮ್ಮ ಕನ್ನಡ ಮಿಸ್" ಎಂದು ಹೆಸರು ಹೇಳಿಕೊಂಡಿದ್ದೆನಲ್ಲ, ಅದು ಮಾತ್ರ ಇಲ್ಲ. ಅದನ್ನು ಕತ್ತರಿಸಿ ಆ ಜಾಗದಲ್ಲಿ ಶಾಲೆಯ ಲಾಂಛನ ಗಿರಗಿರ ತಿರುಗುವಂತೆ ಮಾಡಿದ್ದಾರೆ. ಹುಡುಗ ಓದುತ್ತಿರುವುದು ನಾನು ಹದಿನೆಂಟು ವರ್ಷ ದುಡಿದು 2023ರಲ್ಲಿ ಬಿಟ್ಟುಬಂದ ಸಂಸ್ಥೆಯದೇ ಇನ್ನೊಂದು ಊರಿನ ಶಾಖೆಯಲ್ಲಿ. ಫೀಸಿನ ರಸೀತಿಯಲ್ಲಿ 'ಡಿಜಿಟಲ್ ಪಾಠ' ಎಂದು ಬೇರೆಯೇ ಒಂದು ಸಾಲು, ಅದಕ್ಕೆ ಬೇರೆಯೇ ಹಣ. ಅಂದು ಬಾಣಲೆಯಲ್ಲಿದ್ದ ಕಜ್ಜಾಯ ಸೀದುಹೋಯಿತು.

ಆ ಪಾಠಗಳು ಹುಟ್ಟಿದ ಕಾಲ ನಿಮಗೆಲ್ಲ ನೆನಪಿರಬೇಕು. 2020ರ ಮಾರ್ಚಿಯಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಕೆಲವೇ ವಾರಗಳಲ್ಲಿ, ಸೀಮೆಸುಣ್ಣ ಬಿಟ್ಟು ಬೇರೇನನ್ನೂ ಹಿಡಿಯದಿದ್ದ ನಮ್ಮಂಥವರ ಕೈಗೆ ಮೊಬೈಲು ಕೊಟ್ಟು "ರೆಕಾರ್ಡ್ ಮಾಡಿ ಕಳಿಸಿ" ಎಂದರು. ಅಕ್ಕಿ ಡಬ್ಬದ ಮೇಲೆ ಎರಡು ನಿಘಂಟು ಪೇರಿಸಿ, ಅದಕ್ಕೆ ಫೋನು ಒರಗಿಸಿ, ಯಜಮಾನರನ್ನು ಜಗಲಿಗೆ ಅಟ್ಟಿ, ಬೀದಿಯಲ್ಲಿ ಸೊಪ್ಪಿನವನ ಕೂಗು ಇಲ್ಲದ ಹೊತ್ತು ನೋಡಿ ಪಾಠ ಮಾಡುತ್ತಿದ್ದೆ. ನಮ್ಮತ್ತೆಯವರು ಬಾಗಿಲ ಸಂದಿಯಿಂದ ಇಣುಕಿ, "ಎದುರಿಗೆ ಯಾರೂ ಇಲ್ಲ, ಯಾರಿಗೆ ಹೇಳ್ತಿದ್ದೀಯೇ?" ಎಂದು ಗಾಬರಿಯಾಗಿದ್ದರು. ಒಂದೊಂದು ಪಾಠಕ್ಕೂ ಮೂರು ನಾಲ್ಕು ಸಲ ತಿದ್ದುಪಡಿ. ಕರೆನ್ಸಿ ಹಾಕಿಸಿಕೊಂಡದ್ದು ನನ್ನ ದುಡ್ಡಿನಲ್ಲಿ. ಆ ತಿಂಗಳುಗಳಲ್ಲಿ ಕೈಗೆ ಬಂದದ್ದು ಅರ್ಧ ಸಂಬಳ. ಹೀಗೆ ಮಾಡಿದ ಪಾಠಗಳು ನಲವತ್ತಮೂರು.

ಹಬ್ಬ ಮುಗಿದ ಮೇಲೆ ಸಂಸ್ಥೆಯ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಸಿಟ್ಟು ಮಾಡಲಿಲ್ಲ. ಹೆಸರು ಯಾಕೆ ತೆಗೆದಿರಿ ಎಂದಷ್ಟೇ ಕೇಳಿದೆ.

"ಅಲ್ಲ ಮೇಡಂ, ಸಂಬಳ ತಗೊಂಡು ಮಾಡಿದ ಪಾಠ ತಾನೇ? ಅದು ಸಂಸ್ಥೆಯ ಸ್ವತ್ತು. ಕಾಪಿರೈಟ್ ನಮ್ಮದು. ಅಲ್ಲದೆ ವಿದ್ಯೆ ಹಂಚಿದಷ್ಟೂ ಹೆಚ್ಚುತ್ತೆ ಅಂತ ನೀವೇ ಹೇಳ್ತಿದ್ರಲ್ಲ!"

ಕಾಪಿರೈಟ್ ಎಂಬ ಶಬ್ದ ಅವರ ಬಾಯಲ್ಲಿ ನಾನು ಕೇಳಿದ್ದು ಅದು ಎರಡನೆಯ ಸಲ. ಮೊದಲ ಸಲ 2021ರಲ್ಲಿ. ಒಂದು ಪದ್ಯದ ಪಾಠಕ್ಕೆ ಹಳೆಯ ಕ್ಯಾಸೆಟ್ಟಿನ ಭಾವಗೀತೆಯೊಂದನ್ನು ಸೇರಿಸಿದ್ದೆ. ಶಾಲೆಯ ಯೂಟ್ಯೂಬ್ ಚಾನೆಲ್ಲಿಗೆ ಆಕ್ಷೇಪ ಬಂತು. ಆಗ ಇದೇ ಮಹನೀಯರು ನನ್ನನ್ನು ಎದುರಿಗೆ ನಿಲ್ಲಿಸಿ, "ಇನ್ನೊಬ್ಬರ ಸ್ವತ್ತು ಮುಟ್ಟಬಾರದು ಅಂತ ನಿಮಗೆ ಗೊತ್ತಾಗಲ್ವಾ?" ಎಂದು ಗದರಿ ಕ್ಷಮಾಪಣೆ ಪತ್ರ ಬರೆಸಿಕೊಂಡರು. ಎಲ್ಲ ಶಿಕ್ಷಕಿಯರಿಗೂ ಸುತ್ತೋಲೆ ಹೋಯಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಕ್ಯಾಸೆಟ್ ಕಂಪನಿಯದ್ದಾದರೆ ಸ್ವತ್ತು, ಟೀಚರದ್ದಾದರೆ ಜ್ಞಾನದಾನ!

ನನಗೆ ಕಾನೂನು ಗೊತ್ತಿರಲಿಲ್ಲ. ಬಿ.ಎ. ಓದಿದವಳು, ಬಿ.ಎಡ್. ಮಾಡಿದವಳು, ಪಾಠಯೋಜನೆ ಬರೆಯುವುದು ಕಲಿಸಿದರು, ಬರೆದ ಪಾಠ ಯಾರದು ಎಂದು ಯಾರೂ ಕಲಿಸಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮೂರ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಾಳೆ. ಅವಳ ಮನೆಗೆ ಹೋದೆ. "ಮಿಸ್, ಕೂತ್ಕೊಳಿ, ಇವತ್ತು ನಾನು ಪಾಠ ಮಾಡ್ತೀನಿ" ಎಂದು ನಕ್ಕು 1957ರ ಕೃತಿಸ್ವಾಮ್ಯ ಕಾಯಿದೆಯನ್ನು ತೆರೆದಳು. ಅವಳಿಂದ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ನಮ್ಮನ್ನು ಹೆದರಿಸಿದಷ್ಟು ಈ ಕಾಯಿದೆ ಭಯಂಕರವಲ್ಲ. ಅದರ 52ನೇ ಸೆಕ್ಷನ್ ಶಿಕ್ಷಕರ ಪಾಲಿಗೆ ತವರುಮನೆ ಇದ್ದ ಹಾಗೆ. ಪಾಠ ಹೇಳುವ ಸಂದರ್ಭದಲ್ಲಿ ಶಿಕ್ಷಕಿಯಾಗಲಿ ವಿದ್ಯಾರ್ಥಿಯಾಗಲಿ ಕೃತಿಯೊಂದರ ಪ್ರತಿ ಮಾಡಿಕೊಂಡರೆ ಅದು ಉಲ್ಲಂಘನೆಯಲ್ಲ. ಪ್ರಶ್ನೆಪತ್ರಿಕೆಯಲ್ಲಿ ಬಳಸಿದರೂ ಅಲ್ಲ. ಶಾಲೆಯ ಚಟುವಟಿಕೆಯ ಅಂಗವಾಗಿ ಮಕ್ಕಳು, ಪೋಷಕರು, ಸಿಬ್ಬಂದಿ ಇವರಷ್ಟೇ ಕೂತ ಸಭೆಯಲ್ಲಿ ನಾಟಕ ಆಡಿದರೂ ಅಲ್ಲ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯೊಂದು ವಿದ್ಯಾರ್ಥಿಗಳಿಗೆ ಪಠ್ಯದ ಭಾಗಗಳನ್ನು ಕಟ್ಟುಕಟ್ಟಿ ಕೊಡುತ್ತಿದೆ ಎಂದು ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು 2012ರಲ್ಲಿ ದಾವೆ ಹೂಡಿದ್ದರು. 2016ರಲ್ಲಿ ದೆಹಲಿ ಹೈಕೋರ್ಟು ಓದುವ ಮಕ್ಕಳ ಪರವಾಗಿ ನಿಂತಿತು. ಪಾಠವೆಂದರೆ ನಾಲ್ಕು ಗೋಡೆಯ ನಡುವಿನ ಒಂದು ಗಂಟೆ ಮಾತ್ರವಲ್ಲ ಎಂಬ ಮಾತೂ ಅಲ್ಲಿ ಬಂತು. 2017ರಲ್ಲಿ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು.

ಹಾಗೆಂದು ಈ ತವರುಮನೆಗೆ ಅಂಗಳವಿದೆ, ಅಂಗಳಕ್ಕೆ ಗೇಟೂ ಇದೆ. ನನ್ನ ತರಗತಿಯ ಮಕ್ಕಳ ವಾಟ್ಸಾಪ್ ಗುಂಪಿಗೆ ಒಂದು ಪದ್ಯ ಕಳಿಸುವುದು ಬೇರೆ. ಇಡೀ ಜಗತ್ತಿಗೆ ತೆರೆದ ಚಾನೆಲ್ಲಿನಲ್ಲಿ ಹಾಕುವುದು ಬೇರೆ. ಅಲ್ಲಿ ಕೂತವರು ನನ್ನ ವಿದ್ಯಾರ್ಥಿಗಳಷ್ಟೇ ಅಲ್ಲವಲ್ಲ! ಅಲ್ಲಿ ಈ ರಕ್ಷಣೆಯನ್ನು ನಂಬಿ ಕೂರುವಂತಿಲ್ಲ. ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪದ್ಯಗಳು ಎಂದೋ ಎಲ್ಲರವಾದವು. ಬೇಂದ್ರೆಯವರು ಹೋದದ್ದು 1981ರಲ್ಲಿ. ಅವರ ಪದ್ಯಗಳ ಹಕ್ಕು 2041ರ ಕೊನೆಯವರೆಗೆ. ಕುವೆಂಪು ಅವರದು 2054ರವರೆಗೆ. ಪದ್ಯ ಹಳೆಯದಾದರೂ ಹಾಡಿದ ಧ್ವನಿಮುದ್ರಿಕೆಗೆ ಬೇರೆಯೇ ಹಕ್ಕುಂಟು. ಕ್ಯಾಸೆಟ್ ಹಾಕಿದ್ದು ನನ್ನ ತಪ್ಪೇ ಹೌದು. ನಾನೇ ಬಾಯಿಬಿಟ್ಟು ಓದಿ ಅರ್ಥ ಹೇಳಬಹುದಿತ್ತು. ಅದಕ್ಕೆ ಬೇಕಾದದ್ದು ತಿಳಿವಳಿಕೆ, ಕ್ಷಮಾಪಣೆ ಪತ್ರವಲ್ಲ.

ತಪ್ಪಿನ ಮಾತು ಬಂತು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ನಲವತ್ತಮೂರರಲ್ಲಿ ಸಮಾಸದ ಎರಡು ಪಾಠಗಳಿಗೆ ನಾನು ಬಳಸಿದ ಪಟ್ಟಿ, ಉದಾಹರಣೆಗಳು ನನ್ನವಲ್ಲ. ಯಾವುದೋ ಗುಂಪಿನಲ್ಲಿ ಹರಿದಾಡುತ್ತಿದ್ದ ಟಿಪ್ಪಣಿ. ಕೆಳಗೆ ಧಾರವಾಡದ ಕಡೆಯ ಶಿಕ್ಷಕಿಯೊಬ್ಬರ ಹೆಸರು, ನಂಬರು ಇತ್ತು. ನಾನು ಅದನ್ನು ನೋಡಿಯೂ ನೋಡದವಳಂತೆ ಬಿಟ್ಟಿದ್ದೆ. ನನ್ನ ಹೆಸರು ಕತ್ತರಿಸಿದ್ದು ಕಂಡ ದಿನ ಮೊದಲು ನೆನಪಾದದ್ದು ಆಕೆಯೇ. ಆ ನಂಬರಿಗೆ ಫೋನ್ ಮಾಡಿ ಹೇಳಿಕೊಂಡೆ. ಆಕೆ ಒಂದು ಗಳಿಗೆ ಸುಮ್ಮನಿದ್ದು, "ಇರ್ಲಿ ಬಿಡ್ರಿ ಅಕ್ಕಾರ. ಆದ್ರ ಮೂರು ರಾತ್ರಿ ಕುಂತು ಬರ್ದಿದ್ದೆ ನೋಡ್ರಿ" ಎಂದರು. ಅವರು ಬೈದಿದ್ದರೆ ವಾಸಿಯಿತ್ತು.

ಈಗ ಕಾರ್ಯದರ್ಶಿಗಳ ವಾದಕ್ಕೆ ಬರೋಣ. ಸಂಬಳ ಕೊಟ್ಟಿದ್ದೇವೆ, ಪಾಠ ನಮ್ಮದು. ಅರ್ಧ ಸಂಬಳದ ಮಾತು ಬಿಡಿ, ಕಾನೂನಿನಲ್ಲಿ ಅವರಿಗೆ ಆಧಾರವಿದೆ. ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೃತಿಗೆ ಮಾಲೀಕರೇ ಮೊದಲ ಒಡೆಯರು ಎನ್ನುತ್ತದೆ 17ನೇ ಸೆಕ್ಷನ್. ಇದನ್ನು ಕೇಳಿ ನನ್ನ ಮುಖ ಸಪ್ಪಗಾಯಿತು. "ತಡೀರಿ ಮಿಸ್" ಎಂದಳು ಹುಡುಗಿ. "ಒಡೆತನ ಬೇರೆ, ಹೆಸರು ಬೇರೆ."

ಕಾಯಿದೆಯ ಮೊದಲ ಪುಟಗಳಲ್ಲಿ 'ಪ್ರದರ್ಶಕ' ಎಂದರೆ ಯಾರು ಎಂಬ ವಿವರಣೆ ಇದೆ. ನಟ, ಗಾಯಕ, ವಾದ್ಯಗಾರ, ನರ್ತಕ, ದೊಂಬರಾಟದವ, ಜಾದೂಗಾರ, ಹಾವಾಡಿಗ, ಅವನ ಪಕ್ಕದಲ್ಲೇ ಉಪನ್ಯಾಸ ಕೊಡುವ ವ್ಯಕ್ತಿ! ಓದಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಲವತ್ತೈದು ಹಾವುಮರಿಗಳ ಮುಂದೆ ವರ್ಷಗಟ್ಟಲೆ ಪುಂಗಿ ಊದಿದವಳಿಗೆ ಇದಕ್ಕಿಂತ ಸರಿಯಾದ ಜಾಗ ಯಾವುದಿದೆ? ನಗು ಇರಲಿ. ಪಾಠ ಉಪನ್ಯಾಸವಲ್ಲದೆ ಮತ್ತೇನು? 2012ರ ತಿದ್ದುಪಡಿಯ ಪ್ರಕಾರ, ಇಂಥ ಪ್ರದರ್ಶಕರಿಗೆ ತಮ್ಮ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೂ ಉಳಿಯುವ ಹಕ್ಕೊಂದಿದೆ: ಇದನ್ನು ಮಾಡಿದ್ದು ನಾನು ಎಂದು ಗುರುತಿಸಿಕೊಳ್ಳುವ ಹಕ್ಕು. ಕೃತಿ ಬರೆದವರಿಗಂತೂ 57ನೇ ಸೆಕ್ಷನ್ ಇದನ್ನು ಹಿಂದಿನಿಂದಲೂ ಕೊಟ್ಟಿದೆ. ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ರಾಯಧನದ ಮಾತೂ ಅದೇ ತಿದ್ದುಪಡಿಯಲ್ಲಿದೆ. ಮನೆಯನ್ನು ಮಾರಿದ ಮೇಲೆ ಬೀಗದ ಕೈ ಕೊಡಬೇಕು, ಸರಿ. ಹುಟ್ಟಿದ ಮಗುವಿನ ತಾಯಿ ನಾನಲ್ಲ ಎಂದು ಬರೆದುಕೊಡಬೇಕಿಲ್ಲ.

"ಹಂಚಿದರೆ ಹೆಚ್ಚುತ್ತದೆ" ಎನ್ನುವವರಿಗೂ ಒಂದು ಮಾತು. ಉಚಿತವಾಗಿ ಹಂಚಲೆಂದೇ ಮಾಡಿದ 'ಕ್ರಿಯೇಟಿವ್ ಕಾಮನ್ಸ್' ಎಂಬ ಪರವಾನಗಿಗಳಿವೆ. ಕನ್ನಡದ ವಿಕಿಪೀಡಿಯ ನಡೆಯುವುದು ಅಂಥದ್ದರ ಮೇಲೆ. ಅದರಲ್ಲಿ ಆರು ಬಗೆ. ಆರರಲ್ಲೂ ಇರುವ ಷರತ್ತು ಒಂದು: ಮಾಡಿದವರ ಹೆಸರು ಹೇಳಿ. ಎಲ್ಲವನ್ನೂ ಬಿಟ್ಟುಕೊಡುವ ಉದಾರಿಗಳೂ ಬಿಟ್ಟುಕೊಡದ್ದು ಅದೊಂದೇ. ದಾನ ಮಾಡುವವರು ನಾವಾಗಿದ್ದರೆ ಅದು ದಾನ. ನಮ್ಮ ಕಣಜದಿಂದ ಅಳೆದು, ರಸೀತಿ ಹರಿದು, ಹಣ ಎಣಿಸಿಕೊಂಡರೆ ಅದು ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ.

ಇನ್ನು ನಮ್ಮ ಕಡೆಯ ತಪ್ಪು. ನನ್ನ ಆ ಶಾಲೆಯಲ್ಲಿ ಇಪ್ಪತ್ತೆರಡು ಮಂದಿ ಶಿಕ್ಷಕರು, ಅದರಲ್ಲಿ ಹದಿನೇಳು ಜನ ಹೆಂಗಸರು. ಒಬ್ಬರಾದರೂ ನೇಮಕದ ಪತ್ರವನ್ನು ಪೂರ್ತಿ ಓದಿರಲಿಲ್ಲ, ನನ್ನನ್ನೂ ಸೇರಿಸಿ. ನಮಗೆ ಇದು ಹೊಸದೇನಲ್ಲ. ಹಬ್ಬದ ಅಡುಗೆ ನಾವು ಮಾಡುತ್ತೇವೆ, ಬಡಿಸುವಾಗ ಅದು ಮನೆತನದ ರುಚಿಯಾಗುತ್ತದೆ. ಲೆಕ್ಕ ಬರೆದು ಸಂಸಾರ ತೂಗಿಸುತ್ತೇವೆ, ಮನೆ ಕಟ್ಟಿಸಿದವರು ಯಜಮಾನರಾಗುತ್ತಾರೆ. ಹೆಸರು ಕೇಳುವುದು ಜಂಬ ಎಂದು ಚಿಕ್ಕಂದಿನಿಂದ ಕೇಳಿಸಿಕೊಂಡು ಬಂದ ನಮಗೆ, ಪಾಠಕ್ಕೆ ಹೆಸರು ಹಾಕಿ ಎನ್ನಲು ನಾಲಿಗೆ ಏಳುವುದಿಲ್ಲ. ಆಡಳಿತ ಮಂಡಳಿಗಳಿಗೆ ಈ ಸಂಕೋಚ ಚೆನ್ನಾಗಿ ಗೊತ್ತಿದೆ. ಕಾನೂನಿಗಿಂತ ಹೆಚ್ಚಾಗಿ ಅವರು ನಂಬಿರುವುದು ಅದನ್ನೇ.

ಆದ್ದರಿಂದ, ಪಾಠ ಹೇಳುವ ಗೆಳತಿಯರೇ, ಮೊಬೈಲಿನ ಮುಂದೆ ಕೂರುವ ಮೊದಲು ಒಂದು ಹಾಳೆ ಕಾಗದ ತೆಗೆದುಕೊಳ್ಳಿ. ಈ ಪಾಠವನ್ನು ಎಲ್ಲಿ, ಎಷ್ಟು ಕಾಲ ಬಳಸುತ್ತೀರಿ? ಮಾರಿದರೆ ನನ್ನ ಪಾಲೇನು? ನಾನು ಕೆಲಸ ಬಿಟ್ಟ ಮೇಲೂ ನನ್ನ ಹೆಸರು ಇರುತ್ತದೆಯೇ? ಮೂರೇ ಪ್ರಶ್ನೆ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ, ಸಹಿ ಹಾಕಿಸಿಕೊಳ್ಳಿ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ನನಗೂ ಗೊತ್ತು. ಹದಿನೆಂಟು ವರ್ಷ ಅದೇ ಹೆದರಿಕೆಯಲ್ಲಿ ಬಾಯಿಮುಚ್ಚಿದ್ದೆ. ಒಬ್ಬಳು ಕೇಳಿದರೆ ಜೋರುಮಾತಿನವಳು ಎನ್ನುತ್ತಾರೆ. ಹದಿನೇಳು ಜನ ಒಟ್ಟಿಗೆ ಕೇಳಿದರೆ ಕಾಗದ ತೆಗೆಯುತ್ತಾರೆ. ಜೊತೆಗೆ, ನೀವು ಬಳಸುವ ಪದ್ಯಕ್ಕೆ ಕವಿಯ ಹೆಸರು, ಟಿಪ್ಪಣಿಗೆ ಬರೆದವರ ಹೆಸರು ಹೇಳಿ. ನಾವು ಕೊಡದ ಮರ್ಯಾದೆಯನ್ನು ನಾವು ಕೇಳಲಾಗುವುದಿಲ್ಲ.

ನಾನು ಸಂಸ್ಥೆಗೆ ರಿಜಿಸ್ಟರ್ಡ್ ಪತ್ರ ಬರೆದಿದ್ದೇನೆ. ಹಣ ಕೇಳುವ ವಿಚಾರ ಆಮೇಲೆ ನೋಡೋಣ ಎಂದಿದ್ದಾಳೆ ನನ್ನ ವಕೀಲೆ. ಮೊದಲು ಕತ್ತರಿಸಿದ ಆ ಒಂದು ವಾಕ್ಯ ಹಿಂದಕ್ಕೆ ಬರಲಿ. ಪತ್ರದಲ್ಲಿ ಇನ್ನೊಂದು ಸಾಲೂ ಸೇರಿಸಿದ್ದೇನೆ: ಸಮಾಸದ ಎರಡು ಪಾಠಗಳಿಗೆ ಧಾರವಾಡದ ಆ ಶಿಕ್ಷಕಿಯ ಹೆಸರೂ ಬರಬೇಕು. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಇನ್ನೊಂದು ಪತ್ರ ಹೋಗುತ್ತದೆ. ತಪ್ಪು ಬರೆದ ಮಕ್ಕಳಿಂದ ಹತ್ತು ಸಲ ಬರೆಸಿ ರೂಢಿಯಿದೆ ನನಗೆ.